ಒಂದೇ ಕಟ್ಟಡ, ಮೂರು ಮುದ್ರೆ: ಮುಂಬೈ–ಪುಣೆಯಲ್ಲಿ ಪದವಿ ಕಾಲೇಜು ಆರಿಸುವ ಬಗೆ

1883ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಎಂಜಿನಿಯರಿಂಗ್ ಓದಿ ಮುಗಿಸಿದಾಗ ಅವರಿಗೆ ಅರ್ಹತಾಪತ್ರ ಕೊಟ್ಟದ್ದು ಆ ಕಾಲೇಜಲ್ಲ, ಬಾಂಬೆ ವಿಶ್ವವಿದ್ಯಾಲಯ. 1854ರಲ್ಲಿ ಆರಂಭವಾದ ಆ ಕಾಲೇಜು ಇಂದಿಗೂ ಪುಣೆಯ ಶಿವಾಜಿನಗರದಲ್ಲಿದೆ. ಕಾಲೇಜ್ ಆಫ್ ಎಂಜಿನಿಯರಿಂಗ್, ಪುಣೆ ಎಂಬುದನ್ನು ಚಿಕ್ಕದಾಗಿಸಿ ನಾವೆಲ್ಲ ಅದನ್ನು ಸಿಒಇಪಿ ಎಂದು ಕರೆಯುತ್ತೇವೆ. 1949ರಲ್ಲಿ ಪುಣೆ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅಲ್ಲಿನ ಪದವಿಯ ಮೇಲೆ ಪುಣೆಯ ಮುದ್ರೆ ಬಿತ್ತು. 2022ರಲ್ಲಿ ಕಾಲೇಜೇ ತಾಂತ್ರಿಕ ವಿಶ್ವವಿದ್ಯಾಲಯವಾಗಿ, ಈಗ ತನ್ನ ವಿದ್ಯಾರ್ಥಿಗಳಿಗೆ ತಾನೇ ಪದವಿ ಕೊಡುತ್ತಿದೆ. ಕಟ್ಟಡ ಒಂದೇ, ಮುದ್ರೆ ಮೂರು. ಈ ಮೂರೂ ಕಾಲಗಳಲ್ಲಿ ಅಲ್ಲಿಗೆ ಸೇರಲು ಹುಡುಗರು ಹಂಬಲಿಸಿದ್ದು ಮುದ್ರೆಗಾಗಿ ಅಲ್ಲ, ಆ ತರಗತಿಗಳಿಗಾಗಿ.

ಡೊಂಬಿವಿಲಿಯಲ್ಲಿ ನಮ್ಮ ಕನ್ನಡ ಬಳಗದ ಮಕ್ಕಳಿಗೆ ಪ್ರವೇಶದ ಅರ್ಜಿ ತುಂಬಲು ಕೆಲವು ವರ್ಷಗಳಿಂದ ನೆರವಾಗುತ್ತಿದ್ದೇನೆ. ಮೇ ತಿಂಗಳು ಬಂತೆಂದರೆ ತಂದೆತಾಯಂದಿರು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ಯೂನಿವರ್ಸಿಟಿ ಒಳ್ಳೆಯದು ಸರ್?" ಈ ಪ್ರಶ್ನೆಗೆ ನೇರ ಉತ್ತರ ಕೊಡಲು ಸಾಧ್ಯವಾಗದಿರುವುದಕ್ಕೆ ಕಾರಣವಿದೆ. ಮುಂಬೈ ವಿಶ್ವವಿದ್ಯಾಲಯದ ಅಡಿಯಲ್ಲಿ ನೂರಾರು ಕಾಲೇಜುಗಳಿವೆ. ಅವುಗಳ ನಡುವಿನ ಅಂತರ ಎರಡು ವಿಶ್ವವಿದ್ಯಾಲಯಗಳ ನಡುವಿನ ಅಂತರಕ್ಕಿಂತ ಎಷ್ಟೋ ಪಾಲು ದೊಡ್ಡದು. ಆದುದರಿಂದ ಆ ಒಂದು ಪ್ರಶ್ನೆಯನ್ನು ಬಿಡಿಸಿ ಕೇಳಿಕೊಳ್ಳಬೇಕಾಗುತ್ತದೆ: ಪದವಿ ಕೊಡುವವರು ಯಾರು, ಪಠ್ಯಕ್ರಮ ರೂಪಿಸಿ ಪರೀಕ್ಷೆ ನಡೆಸುವವರು ಯಾರು, ಶುಲ್ಕ ನಿಗದಿ ಮಾಡುವವರು ಯಾರು, ಮತ್ತು ನಮ್ಮ ಮಗು ಯಾವ ಬಾಗಿಲಿನಿಂದ ಒಳಗೆ ಹೋಗಲು ಅರ್ಹವಾಗಿದೆ. ಈ ನಾಲ್ಕಕ್ಕೂ ಉತ್ತರ ಸಿಕ್ಕಿದ ಮೇಲೆ ಹೆಸರುಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಮುದ್ರೆ ಯಾರದು, ಪಾಠ ಯಾರದು

1857ರಲ್ಲಿ ಸ್ಥಾಪನೆಯಾದ ಮುಂಬೈ ವಿಶ್ವವಿದ್ಯಾಲಯವಾಗಲಿ, ಇಂದು ಸಾವಿತ್ರಿಬಾಯಿ ಫುಲೆ ಅವರ ಹೆಸರು ಹೊತ್ತಿರುವ ಪುಣೆ ವಿಶ್ವವಿದ್ಯಾಲಯವಾಗಲಿ ಪ್ರಧಾನವಾಗಿ ಸಂಯೋಜನೆ ನೀಡುವ ವಿಶ್ವವಿದ್ಯಾಲಯಗಳು. ಸಾಮಾನ್ಯ ಸಂಯೋಜಿತ ಕಾಲೇಜಿನಲ್ಲಿ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಪದವಿ ಮೂರೂ ವಿಶ್ವವಿದ್ಯಾಲಯದವು. ಕಾಲೇಜಿನ ಪಾಲಿಗೆ ಉಳಿಯುವುದು ಪಾಠ ಹೇಳುವ ಕೆಲಸ. ಸ್ವಾಯತ್ತ ಕಾಲೇಜಿನಲ್ಲಿ ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ಕಾಲೇಜೇ ನೋಡಿಕೊಳ್ಳುತ್ತದೆ, ಆದರೆ ಪದವಿಯ ಮೇಲೆ ಬೀಳುವುದು ವಿಶ್ವವಿದ್ಯಾಲಯದ ಮುದ್ರೆಯೇ. ಮುಂಬೈಯ ಮಾಟುಂಗಾದಲ್ಲಿರುವ ಎಂಜಿನಿಯರಿಂಗ್ ಸಂಸ್ಥೆ ವಿಜೆಟಿಐ ಇಂಥದ್ದು. 1887ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಆರಂಭವಾಗಿ, 1997ರಲ್ಲಿ ವೀರಮಾತಾ ಜೀಜಾಬಾಯಿಯವರ ಹೆಸರು ಪಡೆದ ಈ ಸಂಸ್ಥೆ ಪಾಠದಲ್ಲಿ ಸ್ವತಂತ್ರ, ಪದವಿಗೆ ಮುಂಬೈ ವಿಶ್ವವಿದ್ಯಾಲಯವನ್ನು ಅವಲಂಬಿಸಿದೆ. ಅದೇ ಮಾಟುಂಗಾದಲ್ಲಿ 1933ರಲ್ಲಿ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಹುಟ್ಟಿದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಎಂದರೆ ಹಳಬರ ಬಾಯಲ್ಲಿ ಯುಡಿಸಿಟಿ, ಈಗಿನವರ ಬಾಯಲ್ಲಿ ಐಸಿಟಿ, 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಗಿ ತನ್ನ ಪದವಿಯನ್ನು ತಾನೇ ಕೊಡುತ್ತಿದೆ.

ಡೀಮ್ಡ್ ಎಂದರೆ 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯಿದೆಯ 3ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರವು ವಿಶ್ವವಿದ್ಯಾಲಯವೆಂದು ಪರಿಗಣಿಸಿದ ಸಂಸ್ಥೆ. ಪುಣೆಯ ಸಿಂಬಯೋಸಿಸ್‌ಗೆ 2002ರಲ್ಲಿ, ಮುಂಬೈಯ ನರ್ಸೀ ಮೋನ್‌ಜೀ ಸಂಸ್ಥೆಗೆ, ಅಂದರೆ ಎನ್‌ಎಂಐಎಂಎಸ್‌ಗೆ, 2003ರಲ್ಲಿ ಈ ಸ್ಥಾನ ದೊರೆಯಿತು. ಖಾಸಗಿ ರಾಜ್ಯ ವಿಶ್ವವಿದ್ಯಾಲಯವೆಂದರೆ ರಾಜ್ಯದ ಕಾಯಿದೆಯಿಂದ ಹುಟ್ಟಿದ್ದು. ಪುಣೆಯ ಕೋಥ್ರೂಡ್‌ನ ಎಂಐಟಿ ವರ್ಲ್ಡ್ ಪೀಸ್ ವಿಶ್ವವಿದ್ಯಾಲಯ ಮತ್ತು 2019ರಲ್ಲಿ ಆದ ಸೋಮಯ್ಯ ವಿದ್ಯಾವಿಹಾರ ವಿಶ್ವವಿದ್ಯಾಲಯ ಈ ಬಗೆಯವು.

ತಂದೆತಾಯಂದಿರಿಗೆ ಗೊಂದಲವಾಗುವುದು ಹೆಸರುಗಳ ಹೋಲಿಕೆಯಿಂದ. ವಿದ್ಯಾವಿಹಾರದಲ್ಲಿರುವ ಸೋಮಯ್ಯ ಎಂಜಿನಿಯರಿಂಗ್ ಕಾಲೇಜು ಖಾಸಗಿ ವಿಶ್ವವಿದ್ಯಾಲಯದ ಅಂಗ, ಸಾಯನ್‌ನಲ್ಲಿರುವ ಸೋಮಯ್ಯ ತಂತ್ರಜ್ಞಾನ ಸಂಸ್ಥೆ ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ ಸ್ವಾಯತ್ತ ಕಾಲೇಜು. ವಿಲೇ ಪಾರ್ಲೆಯಲ್ಲಿ ನರ್ಸೀ ಮೋನ್‌ಜೀ ವಾಣಿಜ್ಯ ಕಾಲೇಜು ಬೇರೆ, ಎನ್‌ಎಂಐಎಂಎಸ್ ಬೇರೆ. ಎರಡರ ಮೂಲ ಟ್ರಸ್ಟ್ ಒಂದೇ ಆದರೂ ಪ್ರವೇಶ ಪರೀಕ್ಷೆ, ಶುಲ್ಕ, ಪದವಿಯ ಮುದ್ರೆ ಯಾವುದೂ ಒಂದಲ್ಲ. ಅರ್ಜಿಯ ಹಣ ಕಟ್ಟುವ ಮೊದಲು "ನನ್ನ ಪದವಿಯ ಮೇಲೆ ಯಾರ ಹೆಸರು ಇರುತ್ತದೆ?" ಎಂಬ ಒಂದು ಪ್ರಶ್ನೆಯನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಈ ಭೇದ ಕಾಗದದ ಮೇಲಿನದಷ್ಟೇ ಅಲ್ಲ. ಅನುದಾನರಹಿತ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಶುಲ್ಕವನ್ನು ಮಹಾರಾಷ್ಟ್ರದಲ್ಲಿ 2015ರ ಕಾಯಿದೆಯಡಿ ರಚಿತವಾದ ಶುಲ್ಕ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡುತ್ತದೆ. ಡೀಮ್ಡ್ ಸಂಸ್ಥೆಗಳಿಗೆ ಈ ಕಡಿವಾಣವಿಲ್ಲ. ಒಂದೇ ಬೀದಿಯ ಎರಡು ಕಾಲೇಜುಗಳಲ್ಲಿ ಒಂದೇ ಬ್ರಾಂಚಿನ ನಾಲ್ಕು ವರ್ಷದ ಖರ್ಚು ಒಂದಕ್ಕೆರಡಾಗುವುದು ಹೆಚ್ಚಾಗಿ ಈ ಕಾರಣದಿಂದ. ಸರ್ಕಾರದ ಶುಲ್ಕ ರಿಯಾಯಿತಿಗಳೂ ಬಹುಮಟ್ಟಿಗೆ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯ ಮೂಲಕ ಸೇರಿದವರಿಗೆ ಮಾತ್ರ ಸಲ್ಲುತ್ತವೆ. ಈ ಪ್ರವೇಶ ಪ್ರಕ್ರಿಯೆಗೆ ಇಲ್ಲಿ ಎಲ್ಲರೂ ಕ್ಯಾಪ್ ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ಬಾಗಿಲುಗಳು

ಮಹಾರಾಷ್ಟ್ರದ ಎಂಜಿನಿಯರಿಂಗ್ ಸೀಟುಗಳಿಗೆ ಮುಖ್ಯ ಬಾಗಿಲು ರಾಜ್ಯದ ಪ್ರವೇಶ ಪರೀಕ್ಷೆಯಾದ ಎಂಎಚ್‌ಟಿ ಸಿಇಟಿ. 150 ಪ್ರಶ್ನೆ, 200 ಅಂಕ. ಗಣಿತದ ಪ್ರತಿ ಪ್ರಶ್ನೆಗೆ 2 ಅಂಕ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಒಂದೊಂದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪರೀಕ್ಷೆ ಹಲವು ದಿನಗಳಲ್ಲಿ, ಹಲವು ಪಾಳಿಗಳಲ್ಲಿ ನಡೆಯುವುದರಿಂದ ಫಲಿತಾಂಶ ಅಂಕದಲ್ಲಿ ಬರದೆ ಪರ್ಸೆಂಟೈಲ್‌ನಲ್ಲಿ ಬರುತ್ತದೆ. ಇದನ್ನು ಶೇಕಡಾವಾರು ಅಂಕವೆಂದು ಓದಿಕೊಂಡು ಮೋಸಹೋಗುವವರು ಪ್ರತಿ ವರ್ಷವೂ ಇದ್ದಾರೆ. 95 ಪರ್ಸೆಂಟೈಲ್ ಎಂದರೆ ನೂರಕ್ಕೆ 95 ಅಂಕ ಬಂತೆಂದಲ್ಲ, ಪರೀಕ್ಷೆ ಬರೆದ ನೂರು ಮಂದಿಯಲ್ಲಿ ಸುಮಾರು 95 ಮಂದಿ ನಮಗೆ ಸಮನಾಗಿ ಅಥವಾ ನಮ್ಮ ಕೆಳಗೆ ಇದ್ದಾರೆಂದು. ಪರೀಕ್ಷೆ ಬರೆದವರು 4 ಲಕ್ಷ ಎಂದು ಇಟ್ಟುಕೊಂಡರೆ ನಮ್ಮ ಮೇಲೆ ಇನ್ನೂ 20 ಸಾವಿರ ಮಂದಿ ಇದ್ದಾರೆ. 99 ಬಂದರೂ ಮೇಲೆ 4 ಸಾವಿರ ಮಂದಿ. ವಿಜೆಟಿಐ, ಸಿಒಇಪಿಗಳ ಕಂಪ್ಯೂಟರ್ ಸೀಟುಗಳು 99ರ ನಂತರದ ದಶಮಾಂಶಗಳಲ್ಲಿ ತೀರಿಹೋಗುವುದು ಏಕೆಂಬುದು ಈ ಲೆಕ್ಕದಿಂದ ಅರ್ಥವಾಗುತ್ತದೆ.

ಕರ್ನಾಟಕದ ಸಿಇಟಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಊರಿನ ನಂಟರ ಮಾತು ಕೇಳಿ ಸಿದ್ಧತೆ ಮಾಡುವವರು ಇದನ್ನು ಗಮನಿಸಬೇಕು. ಅಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಇಲ್ಲಿ 12ನೇ ತರಗತಿಯ ಅಂಕ ಅರ್ಹತೆಗೆ ಬೇಕಾದಷ್ಟಿದ್ದರೆ ಸಾಕು. ಸಮಾನರ ನಡುವೆ ಮೇಲುಕೆಳಗು ತೀರ್ಮಾನಿಸುವಾಗಲಷ್ಟೇ ಅದು ಮತ್ತೆ ಲೆಕ್ಕಕ್ಕೆ ಬರುತ್ತದೆ.

ಮುಂದಿನದು ಹೋಮ್ ಯೂನಿವರ್ಸಿಟಿ. ಸಾಮಾನ್ಯ ಸಂಯೋಜಿತ ಕಾಲೇಜಿನಲ್ಲಿ ರಾಜ್ಯದವರಿಗೆ ಮೀಸಲಾದ ಸೀಟುಗಳ ಪೈಕಿ 70 ಪ್ರತಿಶತ ಆ ವಿಶ್ವವಿದ್ಯಾಲಯದ ವ್ಯಾಪ್ತಿಯವರಿಗೆ, 30 ಪ್ರತಿಶತ ಹೊರಗಿನವರಿಗೆ ಹೋಗುತ್ತದೆ. ನಮ್ಮ ಹೋಮ್ ಯೂನಿವರ್ಸಿಟಿ ಯಾವುದೆಂಬುದನ್ನು ತೀರ್ಮಾನಿಸುವುದು ನಾವು ಎಲ್ಲಿ ವಾಸಿಸುತ್ತೇವೆ ಎಂಬುದಲ್ಲ, ಮಹಾರಾಷ್ಟ್ರದಲ್ಲಿಯೇ 10 ಮತ್ತು 12 ಓದಿದವರ ಮಟ್ಟಿಗೆ 12ನೇ ತರಗತಿ ಎಲ್ಲಿ ತೇರ್ಗಡೆಯಾಯಿತು ಎಂಬುದು. ಕಲ್ಯಾಣದ ಹುಡುಗ ಕೋಚಿಂಗ್‌ಗಾಗಿ ಲಾತೂರಿಗೆ ಹೋಗಿ ಅಲ್ಲೇ 12 ಮುಗಿಸಿದರೆ, ತನ್ನ ಮನೆಯ ಹತ್ತಿರದ ಕಾಲೇಜಿನ 70ರ ಪಾಲಿನಿಂದ ಹೊರಗುಳಿಯುತ್ತಾನೆ. 11ನೇ ತರಗತಿಗೆ ಸೇರಿಸುವಾಗ ಈ ವಿಚಾರವನ್ನು ಯಾರೂ ಹೇಳುವುದಿಲ್ಲ.

ನಮ್ಮವರಲ್ಲಿ ಬಹಳಷ್ಟು ಮಂದಿ ಮಾಡುವ ಇನ್ನೊಂದು ಏರ್ಪಾಡು ಇದಕ್ಕಿಂತಲೂ ದೂರದ ಪರಿಣಾಮದ್ದು. 10ನೇ ತರಗತಿಯಾದ ಕೂಡಲೇ ಮಗುವನ್ನು ಮೂಡುಬಿದಿರೆಗೋ ಮಂಗಳೂರಿಗೋ ಪಿಯುಸಿಗೆ ಕಳುಹಿಸುತ್ತಾರೆ. ಹಾಸ್ಟೆಲು, ಶಿಸ್ತು, ಅಜ್ಜಿಮನೆಯ ಸಮೀಪ ಎಂಬ ಕಾರಣಗಳೆಲ್ಲ ಸರಿಯೇ. ಆದರೆ ಆ ಒಂದು ತೀರ್ಮಾನದಿಂದ ಮೂರು ಬಾಗಿಲುಗಳ ಸ್ಥಿತಿ ಬದಲಾಗುತ್ತದೆ. ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ಆ ರಾಜ್ಯ ಯಾವುದೆಂಬುದನ್ನು ಅವುಗಳ ಪ್ರವೇಶ ಪರೀಕ್ಷೆಯಾದ ಜೆಇಇಯ ಲೆಕ್ಕದಲ್ಲಿ ನಿರ್ಧರಿಸುವುದು ಹುಟ್ಟೂರಲ್ಲ, ಮಾತೃಭಾಷೆಯಲ್ಲ, 12ನೇ ತರಗತಿ ತೇರ್ಗಡೆಯಾದ ರಾಜ್ಯ. ಡೊಂಬಿವಿಲಿಯಲ್ಲಿ 12 ಮುಗಿಸಿದ ಉಡುಪಿಯ ಮನೆತನದ ಹುಡುಗಿಗೆ ಸುರತ್ಕಲ್‌ನ ಎನ್‌ಐಟಿ ಪರರಾಜ್ಯದ್ದು, ನಾಗಪುರದ್ದು ಸ್ವರಾಜ್ಯದ್ದು. ಮೂಡುಬಿದಿರೆಯಲ್ಲಿ ಮುಗಿಸಿದರೆ ಇದು ತಿರುಗುಮುರುಗಾಗುತ್ತದೆ. ಎರಡನೆಯದಾಗಿ, ಮಹಾರಾಷ್ಟ್ರದ ಕ್ಯಾಪ್‌ನಲ್ಲಿ 10 ಮತ್ತು 12 ಎರಡನ್ನೂ ಇಲ್ಲೇ ಓದಿದವರ ಗುಂಪಿನಿಂದ ಅವಳು ಹೊರಗಾಗಿ, ತನ್ನದೋ ತಂದೆ ಅಥವಾ ತಾಯಿಯದೋ ಡೊಮಿಸೈಲ್ ಪ್ರಮಾಣಪತ್ರದ ಬಲದ ಮೇಲೆ ಅರ್ಜಿ ಹಾಕಬೇಕಾಗುತ್ತದೆ. ಆ ಪತ್ರ ಮಾಡಿಸಲು ದೀರ್ಘಕಾಲದ ವಾಸದ ದಾಖಲೆಗಳು ಬೇಕು, ಅದು ಜೂನ್ ತಿಂಗಳ ಒಂದು ವಾರದಲ್ಲಿ ಆಗುವ ಕೆಲಸವಲ್ಲ. ಮೂರನೆಯದಾಗಿ, ಕರ್ನಾಟಕದ ಸಿಇಟಿಯಲ್ಲಿ ಅವಳಿಗೆ ಹೊಸದೊಂದು ಬಾಗಿಲು ತೆರೆಯುತ್ತದೆ: ಎರಡೂ ವರ್ಷದ ಪಿಯುಸಿ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿದ್ದಾರೆಂದು ತೋರಿಸಿದರೆ ಸರ್ಕಾರಿ ಕೋಟಾದ ಸೀಟಿಗೆ ಅರ್ಹತೆ ಬರುತ್ತದೆ. ತಾಯಿಯ ಹಳೆಯ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರಿಸಿಟ್ಟುಕೊಂಡರೆ ಸಾಕು ಎಂಬುದು ಎಷ್ಟೋ ಮನೆಗಳಿಗೆ ತಿಳಿದೇ ಇಲ್ಲ.

ಇಲ್ಲಿಯೇ ಓದಿದ ಮಕ್ಕಳಿಗೂ ಕರ್ನಾಟಕದ ಬಾಗಿಲು ಪೂರ್ತಿ ಮುಚ್ಚಿಲ್ಲ. ಹೊರನಾಡು ಕನ್ನಡಿಗ ಮತ್ತು ಗಡಿನಾಡು ಕನ್ನಡಿಗ ಎಂಬ ವಿಭಾಗಗಳಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜದ ಕಡೆಯವರು ಗಡಿನಾಡಿನ ಅಡಿಯಲ್ಲಿ ಬರುತ್ತಾರೆ. ಮುಂಬೈ, ಪುಣೆಯವರು ಹೊರನಾಡಿನ ಅಡಿಯಲ್ಲಿ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆ ಸರಳವಾದದ್ದು. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಮರಾಠಿ, ಹಿಂದಿ ಕಲಿತು, ಮನೆಯಲ್ಲಿ ಕನ್ನಡ ಆಡಿದರೂ ಅಕ್ಷರ ಕಲಿಯದ ಮಕ್ಕಳಿಗೆ ಅದೇ ಬೆಟ್ಟವಾಗುತ್ತದೆ. ಒಂದು ಬೇಸಿಗೆ ರಜೆಯಲ್ಲಿ ಕಾಗುಣಿತ ಕಲಿಸಿದರೆ ಇನ್ನೊಂದು ರಾಜ್ಯದ ಸೀಟುಗಳು ಎಟುಕುತ್ತವೆ ಎಂದು ತಿಳಿದಾಗ ಆ ಕೆಲಸಕ್ಕೆ ಬೇರೆಯೇ ತೂಕ ಬರುತ್ತದೆ.

ಮಾತೃಭಾಷೆಯ ಕಾಲಂ ಮಹಾರಾಷ್ಟ್ರದಲ್ಲಿಯೂ ಮುಖ್ಯವೇ. ಇಲ್ಲಿ ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳು 51 ಪ್ರತಿಶತದಷ್ಟು ಸೀಟುಗಳನ್ನು ತಮ್ಮ ಭಾಷೆಯವರಿಗೆ ಇಟ್ಟುಕೊಳ್ಳುತ್ತವೆ. ವಿಲೇ ಪಾರ್ಲೆಯ ದ್ವಾರಕಾದಾಸ್ ಸಾಂಘ್ವಿ ಎಂಜಿನಿಯರಿಂಗ್ ಕಾಲೇಜು ಗುಜರಾತಿ, ಚೆಂಬೂರಿನ ವಿವೇಕಾನಂದ ಸಂಸ್ಥೆ ಸಿಂಧಿ. ಅಲ್ಲಿನ ಒಟ್ಟು ಸೀಟುಗಳ ಸಂಖ್ಯೆ ನೋಡಿ ಆಸೆಪಡುವ ಕನ್ನಡದ ಹುಡುಗನ ಪಾಲಿಗೆ ನಿಜವಾಗಿ ಉಳಿದಿರುವುದು ಅದರ ಅರ್ಧಕ್ಕಿಂತ ಕಡಿಮೆ, ಆದ್ದರಿಂದಲೇ ಅವನಿಗೆ ಅನ್ವಯಿಸುವ ಕಟ್‌ಆಫ್ ಮೇಲಿರುತ್ತದೆ. ವಾಣಿಜ್ಯ ಪದವಿಯ ಮಟ್ಟಿಗೆ ಕುರ್ಲಾ ಮತ್ತು ಪೊವಾಯಿಯಲ್ಲಿ ಬಂಟರ ಸಂಘದ ಕಾಲೇಜುಗಳಿವೆ, ಪುಣೆಯಲ್ಲಿ ಕನ್ನಡ ಸಂಘದ ಕಾವೇರಿ ಶಿಕ್ಷಣ ಸಮೂಹವಿದೆ. ನಮ್ಮ ಭಾಷೆಯವರಿಗೆ ಅಲ್ಲಿ ಯಾವ ಪಾಲಿದೆಯೆಂದು ಖುದ್ದಾಗಿ ಹೋಗಿ ವಿಚಾರಿಸಬೇಕು. ಇಂಥಲ್ಲೆಲ್ಲ ಮೊದಲು ಕೇಳುವುದು ಶಾಲೆಯ ಲೀವಿಂಗ್ ಸರ್ಟಿಫಿಕೇಟ್. ನನ್ನ ಅಕ್ಕನ ಮಗನ ಸರ್ಟಿಫಿಕೇಟಿನಲ್ಲಿ ಮಾತೃಭಾಷೆ ಎಂಬಲ್ಲಿ ಶಾಲೆಯ ಗುಮಾಸ್ತರು ಮರಾಠಿ ಎಂದು ಬರೆದುಬಿಟ್ಟಿದ್ದರು. ಅದನ್ನು ತಿದ್ದಿಸುವ ಹೊತ್ತಿಗೆ ಅರ್ಜಿಯ ಕೊನೆಯ ದಿನ ಕಳೆದಿತ್ತು, ಅವನು ಒಂದು ಅವಕಾಶವನ್ನೇ ಕಳೆದುಕೊಂಡ. ಮಗು 9ನೇ ತರಗತಿಯಲ್ಲಿರುವಾಗಲೇ ಶಾಲೆಯ ದಾಖಲೆಯಲ್ಲಿ ಆ ಒಂದು ಪದ ಏನಿದೆ ಎಂದು ನೋಡಿಕೊಳ್ಳಿ ಎಂದು ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಚ್ಛೆಯ ಕ್ರಮದಲ್ಲಿ ಬರೆಯುವ ಕ್ಯಾಪ್‌ನ ಆಪ್ಷನ್ ಫಾರ್ಮ್ ತುಂಬುವ ವಿಷಯದಲ್ಲಿ ಒಂದು ಮಾತು. ಸೀಟು ಹಂಚುವ ಕಂಪ್ಯೂಟರ್ ಮೊದಲು ನೋಡುವುದು ನಮ್ಮ ಮೆರಿಟ್ ಸಂಖ್ಯೆ, ಆಮೇಲೆ ನಮ್ಮ ಇಚ್ಛೆಯ ಕ್ರಮ. ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುತ್ತದೆ ಎಂಬುದು ಸುಳ್ಳು ಭಯ. ಮೇಲಿನದು ಸಿಗದಿದ್ದರೆ ಯಂತ್ರ ಮುಂದಿನ ಸಾಲಿಗೆ ಇಳಿಯುತ್ತದೆ, ಅಷ್ಟೇ. ನಿಜವಾದ ಅಪಾಯ ಇದಕ್ಕೆ ವಿರುದ್ಧವಾದದ್ದು. ಮೊದಲ ಸಾಲಿನ ಆಯ್ಕೆಯೇ ಸಿಕ್ಕಿಬಿಟ್ಟರೆ ಅದು ತಾನಾಗಿ ಖಾಯಂ ಆಗುತ್ತದೆ, ಮುಂದಿನ ಸುತ್ತಿಗೆ ಹೋಗುವಂತಿಲ್ಲ. ಆದ್ದರಿಂದ ಮನಸ್ಸಿಲ್ಲದ ಕಾಲೇಜನ್ನು "ಸಿಗುವುದಂತೂ ಖಚಿತ" ಎಂದು ಮೇಲೆ ಬರೆಯಬಾರದು.

ಎಂಜಿನಿಯರಿಂಗ್: ಬ್ರಾಂಚೋ ಕಾಲೇಜೋ

ಅತಿ ಹೆಚ್ಚು ಮನೆಗಳಲ್ಲಿ ವಾದ ನಡೆಯುವುದು ಇಲ್ಲಿ. ಹೆಸರಾಂತ ಕಾಲೇಜಿನಲ್ಲಿ ಸಿವಿಲ್ ಅಥವಾ ಮೆಕ್ಯಾನಿಕಲ್, ಸಾಧಾರಣ ಕಾಲೇಜಿನಲ್ಲಿ ಕಂಪ್ಯೂಟರ್, ಯಾವುದು? ನನ್ನ ಅಭಿಪ್ರಾಯ ಹೇಳುವುದಾದರೆ, ಮಗುವಿಗೆ ಆ ಬ್ರಾಂಚಿನ ಮೇಲೆ ದ್ವೇಷವಿಲ್ಲದಿದ್ದರೆ ಒಳ್ಳೆಯ ಕಾಲೇಜೇ ಮೇಲು. ಹಾಗೆ ಹೇಳಲು ಕಾರಣವಿದೆ. ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಮುಂತಾದ ಹೆಸರುಗಳಲ್ಲಿ ಈಗ ತೆರೆದಿರುವ ಬ್ರಾಂಚುಗಳ ಪಠ್ಯಕ್ರಮವನ್ನು ಸಾದಾ ಕಂಪ್ಯೂಟರ್ ಎಂಜಿನಿಯರಿಂಗಿನ ಪಕ್ಕದಲ್ಲಿಟ್ಟು ಓದಿದರೆ ಮೊದಲ ಎರಡು ವರ್ಷಗಳಲ್ಲಿ ಬಹುಪಾಲು ವಿಷಯಗಳು ಒಂದೇ ಆಗಿರುತ್ತವೆ. 2024–25ರಿಂದ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಮಂಡಳಿಯಾದ ಎಐಸಿಟಿಇ, ಉತ್ತಮ ಸ್ಥಿತಿಯಲ್ಲಿರುವ ಕಾಲೇಜುಗಳಿಗೆ ಬ್ರಾಂಚಿನ ಸೀಟುಗಳ ಮೇಲಿದ್ದ ಗರಿಷ್ಠ ಮಿತಿಯನ್ನು ತೆಗೆದುಹಾಕಿದ ಮೇಲೆ ಈ ಸೀಟುಗಳು ವೇಗವಾಗಿ ಬೆಳೆದಿವೆ. ಪಾಠ ಹೇಳುವ ಅನುಭವಿ ಅಧ್ಯಾಪಕರು ಅದೇ ವೇಗದಲ್ಲಿ ಹುಟ್ಟಿಕೊಳ್ಳುವುದಿಲ್ಲ. ಒಂದು ಬ್ರಾಂಚಿನಲ್ಲಿ ಎಷ್ಟು ಸೀಟು, ಎಷ್ಟು ಕಾಯಂ ಅಧ್ಯಾಪಕರು ಎಂಬುದನ್ನು ಕಾಲೇಜು ಕಡ್ಡಾಯವಾಗಿ ಪ್ರಕಟಿಸಬೇಕಾದ ಮಾಹಿತಿಯಲ್ಲಿ ನೋಡಬಹುದು. 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಎಂಬುದು ಎಐಸಿಟಿಇಯ ಲೆಕ್ಕ. ಅಧ್ಯಾಪಕರ ಪಟ್ಟಿಯನ್ನು ಎರಡು ವರ್ಷದ ಹಿಂದಿನ ಪಟ್ಟಿಯೊಂದಿಗೆ ಹೋಲಿಸಿದರೆ, ಎಷ್ಟು ಮಂದಿ ಉಳಿದಿದ್ದಾರೆ ಎಂಬುದೂ ಕಾಣುತ್ತದೆ.

ಊರಿನ ಉದ್ಯಮಕ್ಕೂ ಬ್ರಾಂಚಿಗೂ ನಂಟಿದೆ. ಪಿಂಪ್ರಿ, ಆಕುರ್ಡಿ, ಚಾಕಣದ ವಾಹನ ಕಾರ್ಖಾನೆಗಳು ಮತ್ತು ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಇರುವ ಪುಣೆಯಲ್ಲಿ ಮೆಕ್ಯಾನಿಕಲ್ ಓದುವವನಿಗೆ ಇಂಟರ್ನ್‌ಶಿಪ್ ಎಂದರೆ ಸಿಟಿ ಬಸ್ಸಿನ ದೂರ. ರಸಾಯನ ಉದ್ಯಮದ ಒಲವಿರುವವರಿಗೆ ಐಸಿಟಿಗೆ ಸಮನಾದದ್ದು ದೇಶದಲ್ಲಿ ವಿರಳ, ಆದರೂ ಕಂಪ್ಯೂಟರ್‌ನ ಗುಂಗಿನಲ್ಲಿ ನಮ್ಮ ಮಕ್ಕಳು ಅದನ್ನು ಪಟ್ಟಿಗೇ ಸೇರಿಸುವುದಿಲ್ಲ ಎಂಬ ಬೇಸರ ನನಗಿದೆ. ಹೆಣ್ಣುಮಕ್ಕಳಿಗಾಗಿ ಪುಣೆಯ ಕರ್ವೆನಗರದಲ್ಲಿ 1991ರಿಂದ ಕಮಿನ್ಸ್ ಕಾಲೇಜಿದೆ. 1916ರಲ್ಲಿ ಮಹರ್ಷಿ ಕರ್ವೆಯವರು ಕಟ್ಟಿದ ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜು ಮುಂಬೈಯ ಜುಹೂನಲ್ಲಿದೆ.

ಶ್ರೇಯಾಂಕಗಳನ್ನು ಓದುವುದಕ್ಕೂ ಒಂದು ಕ್ರಮ ಬೇಕು. ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಎರಡು ರಾಷ್ಟ್ರೀಯ ಸಂಸ್ಥೆಗಳ ಪೈಕಿ ನ್ಯಾಕ್ ಮಾನ್ಯತೆ ಇಡೀ ಕಾಲೇಜಿಗೆ, ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ. ಎ ಪ್ಲಸ್ ನ್ಯಾಕ್ ಇರುವ ಕಾಲೇಜಿನ ಹೊಸ ಬ್ರಾಂಚಿಗೆ ಎನ್‌ಬಿಎ ಇಲ್ಲದಿರಬಹುದು. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯನಾಯಿತು, ಆದರೆ ಎನ್‌ಬಿಎಯ ಟಯರ್ 1 ಮಾನ್ಯತೆ ಪಡೆದ ಬ್ರಾಂಚುಗಳಿಗೆ ಮಾತ್ರ ಅದರ ಫಲ ಸಲ್ಲುತ್ತದೆ. ಮುಂದೆ ಹೊರದೇಶದಲ್ಲಿ ವೃತ್ತಿಪರ ಎಂಜಿನಿಯರ್ ಆಗಬೇಕೆನ್ನುವವರು ಇದನ್ನು ಕೇಳಬೇಕು. 2016ರಿಂದ ಪ್ರಕಟವಾಗುತ್ತಿರುವ ಕೇಂದ್ರ ಸರ್ಕಾರದ ಶ್ರೇಯಾಂಕ, ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಬೋಧನೆಗೆ 30, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20, ಉಳಿದ 20 ಒಳಗೊಳ್ಳುವಿಕೆಗೂ ಜನಾಭಿಪ್ರಾಯಕ್ಕೂ ಹಂಚಿಹೋಗಿದೆ. ಪ್ರಥಮ ಪದವಿಗೆ ಸೇರುವ 18ರ ಹುಡುಗಿಗೆ ಅಧ್ಯಾಪಕರ ಸಂಶೋಧನಾ ಲೇಖನಗಳ ಸಂಖ್ಯೆ ಅಷ್ಟು ದೊಡ್ಡ ವಿಷಯವಲ್ಲ. ಅವಳಿಗೆ ಪಟ್ಟಿಯ ಸ್ಥಾನಕ್ಕಿಂತ ಬೆಲೆಬಾಳುವುದು ಆ ಪಟ್ಟಿಗಾಗಿ ಕಾಲೇಜು ಸಲ್ಲಿಸಿದ ಅಂಕಿಅಂಶ. ಅದರಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸಕಾಲದಲ್ಲಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಿದರು, ಸಂಬಳದ ಮಧ್ಯಾಂಕ ಎಷ್ಟು ಎಂಬುದೆಲ್ಲ ಇರುತ್ತದೆ.

ಮಧ್ಯಾಂಕ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ವರ್ಷಕ್ಕೆ 5 ಲಕ್ಷ, ಒಬ್ಬನಿಗೆ 55 ಲಕ್ಷ ಸಂಬಳವಾದರೆ ಸರಾಸರಿ 10 ಲಕ್ಷ ಎಂದು ಫಲಕ ಹಾಕಬಹುದು. ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವನ ಸಂಬಳ, ಎಂದರೆ ಮಧ್ಯಾಂಕ, 5 ಲಕ್ಷವೇ. ಸ್ಟೇಷನ್ನಿನ ಹೊರಗಿನ ಹೋರ್ಡಿಂಗ್‌ಗಳಲ್ಲಿ ಕಾಣುವುದು ಆ ಒಬ್ಬನ ಮುಖ.

ವಾಣಿಜ್ಯ, ಮ್ಯಾನೇಜ್‌ಮೆಂಟ್

ಇಲ್ಲಿ ಮುದ್ರೆಗಳ ಪಲ್ಲಟ ಇನ್ನೂ ಇತ್ತೀಚಿನದು. 1913ರಲ್ಲಿ ಆರಂಭವಾದ ಸಿಡೆನ್‌ಹ್ಯಾಮ್ ಕಾಲೇಜು 2019ರಿಂದ ಡಾ. ಹೋಮಿ ಭಾಭಾ ರಾಜ್ಯ ವಿಶ್ವವಿದ್ಯಾಲಯದ ಭಾಗ. ಚರ್ಚ್‌ಗೇಟಿನ ಎಚ್‌ಆರ್ ಮತ್ತು ಕೆಸಿ ಕಾಲೇಜುಗಳು 2020ರಿಂದ ಎಚ್‌ಎಸ್‌ಎನ್‌ಸಿ ವಿಶ್ವವಿದ್ಯಾಲಯದವು. 1941ರ ಪೋದಾರ್ ಕಾಲೇಜು ಮುಂಬೈ ವಿಶ್ವವಿದ್ಯಾಲಯದಲ್ಲಿಯೇ ಇದೆ.

ಕೋರ್ಸಿನ ಹೆಸರುಗಳೂ ಬದಲಾಗಿವೆ. ಮುಂಬೈ ವಿಶ್ವವಿದ್ಯಾಲಯ 1999ರಲ್ಲಿ ತಂದ ಮ್ಯಾನೇಜ್‌ಮೆಂಟ್ ಪದವಿ ಬಿಎಂಎಸ್ ಈ ಊರಿನ ಮನೆಮಾತು. 2024–25ರಿಂದ ಎಐಸಿಟಿಇ ಬಿಬಿಎ, ಬಿಎಂಎಸ್, ಬಿಸಿಎಗಳನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಮಹಾರಾಷ್ಟ್ರ ಅದಕ್ಕೆ ಪ್ರತ್ಯೇಕ ಸಿಇಟಿ ಇಟ್ಟಿತು. ಆಗ ಹಲವು ಕಾಲೇಜುಗಳು ಅದೇ ಪಾಠವನ್ನು ಬಿಕಾಂ, ಮ್ಯಾನೇಜ್‌ಮೆಂಟ್ ಸ್ಟಡೀಸ್ ಎಂಬ ಹೆಸರಿಗೆ ಬದಲಿಸಿಕೊಂಡು 12ನೇ ತರಗತಿಯ ಅಂಕದ ಮೇಲೆಯೇ ಪ್ರವೇಶ ಮುಂದುವರಿಸಿದವು. ಹಾಗಾಗಿ ಬಿಎಂಎಸ್ ಬೇಕೆಂದು ಸಿಇಟಿಯನ್ನಷ್ಟೇ ನಂಬಿ ಕುಳಿತವರೂ, ಸಿಇಟಿ ಬರೆಯದೆ ಬಿಎಂಎಸ್ ಸಿಗುತ್ತದೆಂದು ಕಾದವರೂ ನಷ್ಟಪಟ್ಟರು. ಎರಡು ದಾರಿಗಳಲ್ಲಿಯೂ ಅರ್ಜಿ ಹಾಕಿಡುವುದೊಂದೇ ಕ್ಷೇಮ. ಮುಂಬೈಯ ದೊಡ್ಡ ಕಾಲೇಜುಗಳಲ್ಲಿ ತಮ್ಮದೇ ಜೂನಿಯರ್ ಕಾಲೇಜಿನ ಮಕ್ಕಳಿಗೆ ಮೊದಲ ಆದ್ಯತೆ ಇರುತ್ತದೆಂಬುದನ್ನೂ ನೆನಪಿಡಬೇಕು. ಪೋದಾರ್ ಬೇಕಾದವರು 11ನೇ ತರಗತಿಗೇ ಅಲ್ಲಿಗೆ ಸೇರಲು ಯತ್ನಿಸುವುದು ಈ ಕಾರಣಕ್ಕೆ.

ಸಿಎ ಮಾಡುವ ಉದ್ದೇಶವಿದ್ದರೆ ಲೆಕ್ಕವೇ ಬೇರೆ. ಮುಂಬೈಯ ಅನೇಕ ವಾಣಿಜ್ಯ ಕಾಲೇಜುಗಳು ಪದವಿಯ ತರಗತಿಗಳನ್ನು ಬೆಳಗ್ಗೆಯೇ ಮುಗಿಸುತ್ತವೆ, ಆಮೇಲಿನ ಹೊತ್ತು ಆರ್ಟಿಕಲ್‌ಶಿಪ್‌ಗೆ, ಎಂದರೆ ಸಿಎ ಕಚೇರಿಯಲ್ಲಿನ ತರಬೇತಿಗೆ, ಒದಗುತ್ತದೆ. ಆರ್ಟಿಕಲ್‌ಶಿಪ್ 2023ರ ಹೊಸ ಯೋಜನೆಯಲ್ಲಿ 3 ವರ್ಷದಿಂದ 2 ವರ್ಷಕ್ಕಿಳಿದಿದೆ. ಇಂಥವರಿಗೆ ಇಡೀ ದಿನ ಪ್ರಾಜೆಕ್ಟ್, ಪ್ರೆಸೆಂಟೇಷನ್‌ಗಳಲ್ಲಿ ಹಿಡಿದಿಡುವ ದುಬಾರಿ ಬಿಬಿಎಗಿಂತ ಸಾದಾ ಬಿಕಾಂ ಮೇಲು. ಸಿಎ ಬೇಡ, ಮುಂದೆ ಎಂಬಿಎ ಮಾಡುತ್ತೇನೆ ಎನ್ನುವವರು ಬಿಬಿಎಗಾಗಿ ಸಿಂಬಯೋಸಿಸ್‌ನ ಸೆಟ್, ಎನ್‌ಎಂಐಎಂಎಸ್‌ನ ಎನ್‌ಪ್ಯಾಟ್ ಬರೆಯಬಹುದು. ಆದರೆ ಪ್ರಥಮ ಪದವಿಗೂ ಎಂಬಿಎಗೂ ಎರಡು ಬಾರಿ ದೊಡ್ಡ ಮೊತ್ತ ಕಟ್ಟುವ ಶಕ್ತಿ ಮನೆಗಿದೆಯೇ ಎಂದು ಮೊದಲೇ ಕೂಡಿ ನೋಡಬೇಕು.

ಗೋವಾದಲ್ಲಿರುವ ನಮ್ಮವರಿಗೆ ಎರಡು ಮಾತು. ವಾಸ್ಕೋ, ಮಡಗಾಂವ್, ಫೋಂಡಾದ ಕನ್ನಡ ಮನೆಗಳ ಮಕ್ಕಳು ಅಲ್ಲೇ 12 ಮುಗಿಸಿದರೆ, ಕುಂಕೊಳಿಯ ಎನ್‌ಐಟಿಯಲ್ಲಿ ಸ್ವರಾಜ್ಯದ ಪಾಲಿಗೆ ಅರ್ಹರು. ಸಣ್ಣ ರಾಜ್ಯವಾದ್ದರಿಂದ ಪೈಪೋಟಿ ಕಡಿಮೆ. ಫರ್ಮಾಗುಡಿಯಲ್ಲಿ 1967ರ ಸರ್ಕಾರಿ ಗೋವಾ ಎಂಜಿನಿಯರಿಂಗ್ ಕಾಲೇಜಿದೆ. ಜುವಾರಿನಗರದಲ್ಲಿರುವ ಡೀಮ್ಡ್ ಸಂಸ್ಥೆ ಬಿಟ್ಸ್‌ನಲ್ಲಿ ಯಾವ ರಾಜ್ಯದವರಿಗೂ ಪಾಲಿಲ್ಲ, ಅದರದೇ ಪ್ರವೇಶ ಪರೀಕ್ಷೆ ಬಿಟ್‌ಸ್ಯಾಟ್‌ನ ಅಂಕವೇ ಮುಖ್ಯ ಆಧಾರ.

ಹಣ ಮತ್ತು ದಾರಿ

ಶುಲ್ಕದ ಪಟ್ಟಿ ನೋಡಿ ಆಸೆ ಬಿಡುವ ಮೊದಲು ತಿಳಿಯಬೇಕಾದ ಸಂಗತಿಗಳಿವೆ. ಪ್ರತಿ ಬ್ರಾಂಚಿನಲ್ಲಿ 5 ಪ್ರತಿಶತ ಹೆಚ್ಚುವರಿ ಸೀಟುಗಳು ಟಿಎಫ್‌ಡಬ್ಲ್ಯೂಎಸ್ (ಬೋಧನಾ ಶುಲ್ಕ ಮಾಫಿ) ಯೋಜನೆಯವು, ಕರ್ನಾಟಕದಲ್ಲಿ ನಾವು ಎಸ್‌ಎನ್‌ಕ್ಯೂ ಎನ್ನುವುದೂ ಇದನ್ನೇ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದವರಿಗೆ ಬೋಧನಾ ಶುಲ್ಕವೇ ಇರುವುದಿಲ್ಲ. ಆಪ್ಷನ್ ಫಾರ್ಮ್‌ನಲ್ಲಿ ಇದಕ್ಕೆ ಬೇರೆಯೇ ಸಂಕೇತ ಸಂಖ್ಯೆ ಇದೆ, ಅದನ್ನು ಪ್ರತ್ಯೇಕವಾಗಿ ಬರೆಯದಿದ್ದರೆ ಸಿಗುವುದಿಲ್ಲ. ಕಟ್‌ಆಫ್ ಸಾಮಾನ್ಯ ಸೀಟಿಗಿಂತ ಮೇಲಿರುತ್ತದೆ. ಅದೇ 8 ಲಕ್ಷದ ಮಿತಿಯೊಳಗೆ, ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲರು), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು) ಮತ್ತು ಒಬಿಸಿ ವರ್ಗದ ಹೆಣ್ಣುಮಕ್ಕಳಿಗೆ ಮಹಾರಾಷ್ಟ್ರ ಸರ್ಕಾರ 2024–25ರಿಂದ ಬೋಧನೆ ಮತ್ತು ಪರೀಕ್ಷಾ ಶುಲ್ಕವನ್ನು ಪೂರ್ತಿ ಭರಿಸುತ್ತಿದೆ. ಕ್ಯಾಪ್ ಮೂಲಕ ಸೇರಿರಬೇಕು. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇದಿಲ್ಲ. ಆದಾಯ ಪತ್ರವನ್ನೂ ಜಾತಿಯ ದಾಖಲೆಗಳನ್ನೂ ಪರೀಕ್ಷೆ ಮುಗಿಯುವ ಮೊದಲೇ ಮಾಡಿಸಿಡಬೇಕು. ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿನ ಮೀಸಲಾತಿಗೆ ನಡೆಯುವುದಿಲ್ಲ ಎಂಬುದು ಹಲವರಿಗೆ ಕೊನೆಯ ದಿನ ತಿಳಿಯುತ್ತದೆ.

ಇನ್ನುಳಿದದ್ದು ದಾರಿ. ಮುಂಬೈಯಲ್ಲಿ ಕಾಲೇಜಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಾರದು, ಎಷ್ಟು ಬಾರಿ ಗಾಡಿ ಬದಲಿಸಬೇಕು ಎಂಬುದರಲ್ಲಿ ಅಳೆಯಬೇಕು. ಡೊಂಬಿವಿಲಿಯಿಂದ ಮಾಟುಂಗಾಕ್ಕೆ ಸೆಂಟ್ರಲ್ ಲೈನಿನ ಒಂದೇ ಗಾಡಿ. ಅಂಧೇರಿಗಾದರೆ ಘಾಟ್ಕೋಪರದಲ್ಲಿ ಇಳಿದು ಮೆಟ್ರೊ ಹತ್ತಬೇಕು, ಇಲ್ಲವೇ ದಾದರ್‌ನಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಬೇಕು. ದಿನಕ್ಕೆ ಮೂರೂವರೆ ಗಂಟೆ ಗಾಡಿಯಲ್ಲಿ ನಿಂತು ಬರುವ ಮಗು ಸಂಜೆಯ ಕ್ಲಬ್ಬು, ಸ್ಪರ್ಧೆ, ಪ್ರಯೋಗಾಲಯದ ಹೆಚ್ಚುವರಿ ಕೆಲಸ ಎಲ್ಲವನ್ನೂ ಬಿಟ್ಟು 4:30ರ ಗಾಡಿಗೆ ಓಡುತ್ತದೆ. ಒಳ್ಳೆಯ ಕಾಲೇಜಿನ ಒಳ್ಳೆಯತನದಲ್ಲಿ ಅರ್ಧ ಇರುವುದು ಆ ಸಂಜೆಗಳಲ್ಲಿ.

ಹೋದ ವರ್ಷ ನಮ್ಮ ಬಳಗದ ಹುಡುಗಿಯೊಬ್ಬಳು ಫಾರ್ಮ್ ಖಾಯಂ ಮಾಡುವ ಮೊದಲು, ನಾನು ಹೇಳಿದಂತೆ, ಒಂದು ಸೋಮವಾರ ಬೆಳಗಿನ 7ರ ಗಾಡಿ ಹಿಡಿದು ತನ್ನ ಪಟ್ಟಿಯ ಮೊದಲ ಕಾಲೇಜಿಗೂ, ಮಂಗಳವಾರ ಮೂರನೆಯದಕ್ಕೂ ಹೋಗಿಬಂದಳು. ಎರಡೂ ಕಡೆ ಗೇಟಿನ ಹೊರಗೆ ಚಹಾ ಕುಡಿಯುತ್ತಿದ್ದ ಎರಡನೇ ವರ್ಷದ ಹುಡುಗಿಯರಿಗೆ ಒಂದೇ ಪ್ರಶ್ನೆ ಕೇಳಿದಳು: ಕಳೆದ ವಾರ ಲ್ಯಾಬಿನಲ್ಲಿ ನೀವೇ ಕೈಯಾರೆ ಏನು ಮಾಡಿದಿರಿ? ಒಂದು ಕಡೆ, ಪ್ರಯೋಗದ ಪುಸ್ತಕವನ್ನು ಸೀನಿಯರ್‌ಗಳದ್ದು ನೋಡಿ ಬರೆದೆವು ಎಂದರು. ಇನ್ನೊಂದು ಕಡೆ, ಒಬ್ಬಳು ಬ್ಯಾಗಿನಿಂದ ತಾನು ಬೆಸೆದಿದ್ದ ಸರ್ಕ್ಯೂಟ್ ಬೋರ್ಡ್ ತೆಗೆದು, ಅದು ಎಲ್ಲಿ ಕೆಟ್ಟಿತು, ಯಾರು ಹೇಗೆ ತಿದ್ದಿಸಿದರು ಎಂದು ಹದಿನೈದು ನಿಮಿಷ ವಿವರಿಸಿದಳಂತೆ. ಫಾರ್ಮ್‌ನಲ್ಲಿ ಮೂರನೆಯ ಸಾಲಿನಲ್ಲಿದ್ದ ಕಾಲೇಜು ಆ ಸಂಜೆ ಮೊದಲ ಸಾಲಿಗೆ ಬಂತು.